ಸಿಂಥಸೈಸರಿನ ಕೇಳಿಸದ ಆಂದೋಲಕ

ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿರುವ ಸಿಗ್ನಲ್ ಜನರೇಟರನ್ನು 440 ಹರ್ಟ್ಸಿಗೆ ಇಟ್ಟು ಸ್ಪೀಕರಿಗೆ ಜೋಡಿಸಿದರೆ ಒಂದು ಸ್ವರ ಕೇಳುತ್ತದೆ. ಅದರ ಆವೃತ್ತಿ ಕದಲುವುದಿಲ್ಲ, ಪಾರ ಏರಿಳಿಯುವುದಿಲ್ಲ, ಅಲೆಯ ಆಕಾರ ಬದಲಾಗುವುದಿಲ್ಲ. ಅಳತೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಸ್ವರ ಸಿಗದು. ಕಿವಿಗೆ ಮಾತ್ರ ಐದು ಸೆಕೆಂಡಿನಲ್ಲಿ ಬೇಸರ. ಹತ್ತನೆಯ ಸೆಕೆಂಡಿಗೆ ಯಾರಾದರೂ ಎದ್ದುಹೋಗಿ ಸ್ವಿಚ್ ಆರಿಸುತ್ತಾರೆ. ಅದೇ ಸ್ವರವನ್ನು ಒಬ್ಬ ಒಳ್ಳೆಯ ಗಾಯಕಿ ಹತ್ತು ಸೆಕೆಂಡು ಹಿಡಿದು ನಿಲ್ಲಿಸಿದರೆ ನಾವು ಉಸಿರು ಬಿಗಿಹಿಡಿದು ಕೇಳುತ್ತೇವೆ.

ವ್ಯತ್ಯಾಸ ಎಲ್ಲಿದೆ? ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಸೀಶೋರ್ ಮತ್ತು ಅವರ ಸಹೋದ್ಯೋಗಿಗಳು 1930ರ ದಶಕದಲ್ಲಿ ಪಾಶ್ಚಾತ್ಯ ಗಾಯಕರ ದನಿಮುದ್ರಣಗಳನ್ನು ಅಳೆದು ನೋಡಿದರು. ಸ್ಥಿರವಾಗಿದೆ ಎಂದು ಕೇಳುಗರು ಭಾವಿಸುವ ಸ್ವರ ನಿಜವಾಗಿ ಸೆಕೆಂಡಿಗೆ ಆರೇಳು ಬಾರಿ ಮೇಲೆ ಕೆಳಗೆ ತೂಗಾಡುತ್ತಿತ್ತು. ತೂಗಾಟದ ಒಟ್ಟು ಹರವು ಸುಮಾರು ಅರ್ಧ ಸ್ವರದಷ್ಟು, ಅಂದರೆ ಹಾರ್ಮೋನಿಯಮ್ಮಿನ ಒಂದು ಬಿಳಿ ಮನೆಗೂ ಪಕ್ಕದ ಕರಿ ಮನೆಗೂ ಇರುವಷ್ಟು ಅಂತರ. ನಾವು ಅದನ್ನು ತೂಗಾಟವೆಂದು ಕೇಳಿಸಿಕೊಳ್ಳುವುದಿಲ್ಲ. ದನಿ ತುಂಬಿದೆ, ಜೀವಂತವಾಗಿದೆ ಎನ್ನುತ್ತೇವೆ.

ಸಿಂಥಸೈಸರ್ ಎಂಬ ವಾದ್ಯ ಹೊರಡುವುದು ಸಿಗ್ನಲ್ ಜನರೇಟರಿನ ಹಾಗೆಯೇ, ನಿರ್ಜೀವ ಸ್ವರದಿಂದ. ಅದಕ್ಕೆ ಜೀವ ಬರಬೇಕಾದರೆ ಯಾರಾದರೂ ಅದರ ಗುಂಡಿಗಳನ್ನು ಸತತವಾಗಿ ಆಚೀಚೆ ತಿರುಗಿಸುತ್ತಿರಬೇಕು. ವಾದಕನಿಗೆ ಇರುವುದು ಎರಡೇ ಕೈ; ಅವೂ ಮನೆಗಳ ಮೇಲಿರುತ್ತವೆ. ಗುಂಡಿ ತಿರುಗಿಸುವ ಈ ಮೂರನೆಯ ಕೈಯೇ ಎಲ್‌ಎಫ್‌ಒ. ಲೋ ಫ್ರೀಕ್ವೆನ್ಸಿ ಆಸಿಲೇಟರ್, ಅಂದರೆ ಕಡಿಮೆ ಆವೃತ್ತಿಯ ಆಂದೋಲಕ ಎಂಬುದರ ಮೊದಲ ಅಕ್ಷರಗಳಿವು. ಸೆಕೆಂಡಿಗೆ ಇಪ್ಪತ್ತು ಸಲಕ್ಕಿಂತ ನಿಧಾನವಾಗಿ ಕಂಪಿಸುವ ಇದನ್ನು ನೇರವಾಗಿ ಸ್ಪೀಕರಿಗೆ ಕೊಟ್ಟರೆ ಕಿವಿಗೆ ಸ್ವರವೆಂಬುದು ಕೇಳಿಸದು. ಅದರ ಕೆಲಸ ಕೇಳಿಸುವುದಲ್ಲ, ಕೇಳಿಸುವ ಇನ್ನೊಂದನ್ನು ಅಲ್ಲಾಡಿಸುವುದು.

ವೋಲ್ಟೇಜಿಗೆ ಬಗ್ಗುವ ವಾದ್ಯ

ಕೈಯ ಬದಲು ವಿದ್ಯುತ್ತು ಗುಂಡಿ ತಿರುಗಿಸುವುದು ಹೇಗೆ? ನ್ಯೂಯಾರ್ಕ್ ರಾಜ್ಯದ ಟ್ರೂಮನ್ಸ್‌ಬರ್ಗ್ ಎಂಬ ಊರಿನಲ್ಲಿ ರಾಬರ್ಟ್ ಮೂಗ್ ಅವರು ಸಂಗೀತಗಾರ ಹರ್ಬರ್ಟ್ ಡಾಯ್ಚ್ ಅವರೊಡನೆ 1964ರಲ್ಲಿ ಕೆಲಸ ಮಾಡುತ್ತಿದ್ದಾಗ ಕಂಡುಕೊಂಡ ಉತ್ತರ ಸರಳವಾದದ್ದು. (ಮೂಗ್ ಭೌತಶಾಸ್ತ್ರ ಓದಿ, ಮರುವರ್ಷ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಹೇಳಲು ನನಗೆ ಒಂದಿಷ್ಟು ಹೆಮ್ಮೆ.) ಸ್ವರ ಹುಟ್ಟಿಸುವ ಆಂದೋಲಕ, ಸ್ವರವನ್ನು ಸೋಸುವ ಫಿಲ್ಟರ್, ಗಟ್ಟಿತನ ನಿರ್ಧರಿಸುವ ವರ್ಧಕ, ಈ ಮೂರನ್ನೂ ಹೊರಗಿನಿಂದ ಬರುವ ವೋಲ್ಟೇಜಿಗೆ ಬಗ್ಗುವಂತೆ ಕಟ್ಟಬೇಕು. ಮನೆಯನ್ನು ಒತ್ತಿದಾಗ ಬರುವುದೂ ವೋಲ್ಟೇಜು, ಗುಂಡಿ ತಿರುಗಿಸಿದಾಗ ಬರುವುದೂ ವೋಲ್ಟೇಜು. ಹಾಗಿದ್ದ ಮೇಲೆ ಇನ್ನೊಂದು ಆಂದೋಲಕದ ವೋಲ್ಟೇಜನ್ನೇ ಅಲ್ಲಿಗೆ ಕೊಟ್ಟರೆ ಬೇಡವೆನ್ನುವವರು ಯಾರು?

ಮೂಗ್ ಆಯ್ದುಕೊಂಡ ಅಳತೆ: ಒಂದು ವೋಲ್ಟ್ ಹೆಚ್ಚಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಮಧ್ಯ ಷಡ್ಜದಿಂದ ತಾರ ಷಡ್ಜಕ್ಕೆ ಒಂದು ವೋಲ್ಟ್, ಅಷ್ಟೆ. ಸ್ಥಾಯಿಗೆ ಹನ್ನೆರಡು ಅರ್ಧ ಸ್ವರಗಳು. ಹಾಗಾಗಿ ಒಂದು ಅರ್ಧ ಸ್ವರಕ್ಕೆ ಸುಮಾರು 83 ಮಿಲಿವೋಲ್ಟ್. ಈ ಲೆಕ್ಕವನ್ನು ಕೈಯಲ್ಲಿಟ್ಟುಕೊಂಡರೆ ಎಲ್‌ಎಫ್‌ಒ ಬಳಸುವ ಅರ್ಧ ವಿದ್ಯೆ ಬಂದಂತೆ. ಗಾಯಕಿಯ ದನಿಯ ತೂಗಾಟವನ್ನು ಅನುಕರಿಸಬೇಕು ಎನ್ನೋಣ. ನಡುಸ್ವರದಿಂದ ಮೇಲಕ್ಕೆ ಕಾಲು ಸ್ವರ, ಕೆಳಕ್ಕೆ ಕಾಲು ಸ್ವರ ಸಾಕು, ಅಂದರೆ ಆಚೀಚೆ ಸುಮಾರು 42 ಮಿಲಿವೋಲ್ಟ್. ವಾದ್ಯಗಳಿಗೆ ಇದರ ಅರ್ಧ, 21 ಮಿಲಿವೋಲ್ಟ್, ಹಿತವಾಗಿರುತ್ತದೆ. ಆದರೆ ಎಲ್‌ಎಫ್‌ಒ ಹೊರಹಾಕುವುದು ಸಾಮಾನ್ಯವಾಗಿ ನಾಲ್ಕೈದು ವೋಲ್ಟ್! ಅದನ್ನು ಹಾಗೆಯೇ ಆಂದೋಲಕಕ್ಕೆ ಕೊಟ್ಟರೆ ಸ್ವರ ನಾಲ್ಕೈದು ಸ್ಥಾಯಿ ಮೇಲೇರಿ ಅಷ್ಟೇ ಕೆಳಗಿಳಿಯುತ್ತದೆ. ಆಂಬುಲೆನ್ಸ್ ಬಂತೆಂದು ಮನೆಯವರು ಬಾಗಿಲಿಗೆ ಬರುತ್ತಾರೆ. ಎಲ್‌ಎಫ್‌ಒ ಪಕ್ಕದಲ್ಲಿರುವ ‘ಡೆಪ್ತ್’ ಅಥವಾ ‘ಅಮೌಂಟ್’ ಎಂಬ ಗುಂಡಿ ಈ ವೋಲ್ಟೇಜನ್ನು ಇನ್ನೂರು ಪಟ್ಟು ತಗ್ಗಿಸಲು ಇರುವುದು. ಹೊಸಬರು ಅದನ್ನು ಅರ್ಧಕ್ಕೆ ತಿರುಗಿಸಿ, ಕೇಳಿ ಬೆಚ್ಚಿ, ಎಲ್‌ಎಫ್‌ಒ ಎಂದರೆ ವೈಜ್ಞಾನಿಕ ಸಿನಿಮಾದ ಸದ್ದು ಮಾಡುವ ಸಾಧನ ಎಂದು ತೀರ್ಮಾನಿಸಿಬಿಡುತ್ತಾರೆ. ಗುಂಡಿಯ ಮೊದಲ ಹತ್ತನೆಯ ಒಂದು ಭಾಗದಲ್ಲೇ ಸಂಗೀತಕ್ಕೆ ಬೇಕಾದದ್ದು ಬಹುಪಾಲು ಇದೆ.

1970ರಲ್ಲಿ ಬಂದ ಮಿನಿಮೂಗ್ ಈ ತತ್ತ್ವವನ್ನು ಹೊತ್ತೊಯ್ಯಬಹುದಾದ ಪೆಟ್ಟಿಗೆಗೆ ಇಳಿಸಿತು. ಅದರಲ್ಲಿ ಮೂರು ಆಂದೋಲಕಗಳಿದ್ದವು; ಎಲ್‌ಎಫ್‌ಒ ಎಂದು ಪ್ರತ್ಯೇಕವಾಗಿ ಏನೂ ಇರಲಿಲ್ಲ. ಮೂರನೆಯ ಆಂದೋಲಕದ ಸ್ವಿಚ್ಚನ್ನು ‘ಲೋ’ ಎಂಬ ಗುರುತಿಗೆ ತಂದರೆ ಅದು ಕಿವಿಯ ಮಿತಿಗಿಂತ ಕೆಳಗಿಳಿದು ಎಲ್‌ಎಫ್‌ಒ ಆಗಿ ದುಡಿಯುತ್ತಿತ್ತು. ಎಡಗೈಯ ಬಳಿ ಇದ್ದ ಒಂದು ಚಕ್ರ ಅದರ ಪ್ರಮಾಣವನ್ನು ಹತೋಟಿಯಲ್ಲಿಡುತ್ತಿತ್ತು. ತೂಗಾಟ ಬೇಕೆಂದರೆ ಮೂರರಲ್ಲಿ ಒಂದು ದನಿಯನ್ನು ಬಿಟ್ಟುಕೊಡಬೇಕು ಎಂಬುದು ಇದರ ಬೆಲೆ. 2016ರಲ್ಲಿ ಮೂಗ್ ಸಂಸ್ಥೆ ಈ ವಾದ್ಯವನ್ನು ಮರಳಿ ತಯಾರಿಸಿದಾಗ ಪ್ರತ್ಯೇಕ ಎಲ್‌ಎಫ್‌ಒ ಒಂದನ್ನು ಸೇರಿಸಿತು. ಆದರೂ ಹಳೆಯ ಏರ್ಪಾಡಿನಲ್ಲಿ ಒಂದು ಪಾಠ ಅಡಗಿದೆ: ಎಲ್‌ಎಫ್‌ಒ ಬೇರೆ ಜಾತಿಯ ಯಂತ್ರವಲ್ಲ, ಸ್ವರ ಹುಟ್ಟಿಸುವ ಆಂದೋಲಕವೇ ನಿಧಾನವಾಗಿ ನಡೆದರೆ ಎಲ್‌ಎಫ್‌ಒ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರೋಣ.

ಐದು ರೂಪಾಯಿಯ ರೋಧಕಗಳಿಂದ ಎಲ್‌ಎಫ್‌ಒ

ಒಳಗೆ ಏನಿದೆ ಎಂದು ನೋಡುವುದು ಕಷ್ಟವಲ್ಲ. ಒಂದು ತೊಟ್ಟಿಯನ್ನು ಕಲ್ಪಿಸಿಕೊಳ್ಳಿ. ಒಳಗೋಡೆಯ ಮೇಲೆ ಎರಡು ಗೆರೆ. ನೀರು ಮೇಲಿನ ಗೆರೆ ಮುಟ್ಟಿದೊಡನೆ ಒಬ್ಬ ಕಾವಲುಗಾರ ನಲ್ಲಿ ಮುಚ್ಚಿ ತೂಬು ತೆರೆಯುತ್ತಾನೆ. ಕೆಳಗಿನ ಗೆರೆಗೆ ಇಳಿದೊಡನೆ ತೂಬು ಮುಚ್ಚಿ ನಲ್ಲಿ ತೆರೆಯುತ್ತಾನೆ. ಒಳಬರುವ ವೇಗ, ಹೊರಹೋಗುವ ವೇಗ ಒಂದೇ ಆಗಿದ್ದರೆ ನೀರಿನ ಮಟ್ಟ ಸಮನಾಗಿ ಏರಿ ಸಮನಾಗಿ ಇಳಿಯುತ್ತದೆ: ತ್ರಿಕೋನ ಅಲೆ. ಕಾವಲುಗಾರನ ಕೈ ಮಾತ್ರ ‘ತೆರೆ’ ಅಥವಾ ‘ಮುಚ್ಚು’ ಎಂಬ ಎರಡೇ ಸ್ಥಿತಿಗಳ ನಡುವೆ ಥಟ್ಟನೆ ಜಿಗಿಯುತ್ತದೆ: ಚೌಕ ಅಲೆ. ವಿದ್ಯುನ್ಮಂಡಲದಲ್ಲಿ ತೊಟ್ಟಿಯ ಕೆಲಸವನ್ನು ಕೆಪಾಸಿಟರ್ ಉಳ್ಳ ಒಂದು ಆಪ್-ಆಂಪ್ ಮಾಡುತ್ತದೆ, ಕಾವಲುಗಾರನ ಕೆಲಸವನ್ನು ಷ್ಮಿಟ್ ಟ್ರಿಗರ್ ಆಗಿ ಜೋಡಿಸಿದ ಇನ್ನೊಂದು. ಟಿಎಲ್072 ಎಂಬ ಒಂದೇ ಐಸಿಯಲ್ಲಿ ಇಂಥ ಎರಡು ಆಪ್-ಆಂಪ್‌ಗಳಿರುತ್ತವೆ.

ಲೆಕ್ಕ ಹೀಗೆ. ಎರಡು 9 ವೋಲ್ಟ್ ಬ್ಯಾಟರಿಗಳಿಂದ ನಡೆಸಿದಾಗ ಷ್ಮಿಟ್ ಟ್ರಿಗರಿನ ಹೊರವೋಲ್ಟೇಜು ಸುಮಾರು +8 ಮತ್ತು -8ರ ನಡುವೆ ಜಿಗಿಯುತ್ತದೆ ಎನ್ನೋಣ. ಅದರ ಎರಡು ರೋಧಕಗಳನ್ನು 1:2ರ ಅನುಪಾತದಲ್ಲಿ ಇಟ್ಟರೆ ಗೆರೆಗಳು +4 ಮತ್ತು -4 ವೋಲ್ಟಿನಲ್ಲಿ ಬೀಳುತ್ತವೆ. ತೊಟ್ಟಿಯ ಕಡೆ ರೋಧಕ 1 ಮೆಗಾ ಓಮ್, ಕೆಪಾಸಿಟರ್ 0.1 ಮೈಕ್ರೊ ಫ್ಯಾರಡ್. ಇವೆರಡರ ಗುಣಲಬ್ಧ 0.1 ಸೆಕೆಂಡು. ಹಾಗಾಗಿ ವೋಲ್ಟೇಜು ಸೆಕೆಂಡಿಗೆ 80 ವೋಲ್ಟಿನಂತೆ ಏರುತ್ತದೆ. ಗೆರೆಯಿಂದ ಗೆರೆಗೆ ಇರುವ 8 ವೋಲ್ಟ್ ದಾಟಲು 0.1 ಸೆಕೆಂಡು, ಏರಿ ಇಳಿಯಲು 0.2 ಸೆಕೆಂಡು. ಅಲ್ಲಿಗೆ 5 ಹರ್ಟ್ಸಿನ ಎಲ್‌ಎಫ್‌ಒ ಸಿದ್ಧವಾಯಿತು. 1 ಮೆಗಾ ಓಮಿನ ಜಾಗದಲ್ಲಿ ತಿರುಗಿಸಬಲ್ಲ ರೋಧಕವಿಟ್ಟರೆ ಅದೇ ವಾದ್ಯದ ಮುಖದ ಮೇಲಿನ ‘ರೇಟ್’ ಗುಂಡಿ.

ಚೌಕ ಅಲೆಯ ತುದಿಗೆ ಒಂದು ಕಿಲೊ ಓಮ್ ರೋಧಕದ ಮೂಲಕ ಎಲ್‌ಇಡಿಯೊಂದನ್ನು ಜೋಡಿಸಿ ನೋಡಿ. ಅದು ಸೆಕೆಂಡಿಗೆ ಐದು ಸಲ ಮಿಟುಕುತ್ತದೆ. ಸಿಂಥಸೈಸರುಗಳಲ್ಲಿ ರೇಟ್ ಗುಂಡಿಯ ಪಕ್ಕ ಮಿಟುಕುವ ದೀಪ ಇದೇ. ಈಗ ರೋಧಕವನ್ನು ಹತ್ತನೆಯ ಒಂದಕ್ಕೆ ಇಳಿಸಿ. ಎಲ್‌ಇಡಿ ಸೆಕೆಂಡಿಗೆ ಐವತ್ತು ಸಲ ಆರಿ ಹೊತ್ತುತ್ತಿದ್ದರೂ ಕಣ್ಣಿಗೆ ಬಹುಮಟ್ಟಿಗೆ ಸ್ಥಿರವಾಗಿ ಉರಿಯುವಂತೆ ಕಾಣುತ್ತದೆ. ಮಂಡಲದಲ್ಲಿ ಏನೂ ಹೊಸದಾಗಿ ನಡೆದಿಲ್ಲ. ಬದಲಾದದ್ದು ನೋಡುವವನ ಅನುಭವ. ಕಿವಿಯ ವಿಷಯದಲ್ಲೂ ಇಂಥದೇ ಒಂದು ಹೊಸ್ತಿಲಿದೆ.

ಯಾವುದನ್ನು ಅಲ್ಲಾಡಿಸುವುದು?

ಎಲ್‌ಎಫ್‌ಒ ತಾನಾಗಿ ಏನೂ ಅಲ್ಲ. ಅದನ್ನು ಎಲ್ಲಿಗೆ ಕಳಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆಂದೋಲಕಕ್ಕೆ ಕಳಿಸಿದರೆ ಸ್ವರದ ಎತ್ತರ ತೂಗುತ್ತದೆ. ಇದಕ್ಕೆ ವೈಬ್ರಾಟೊ ಎಂದು ಹೆಸರು. ವರ್ಧಕಕ್ಕೆ ಕಳಿಸಿದರೆ ಗಟ್ಟಿತನ ಏರಿಳಿಯುತ್ತದೆ, ಇದು ಟ್ರೆಮೊಲೊ. ಪಿಯುಸಿಯಲ್ಲಿ ರೇಡಿಯೊ ಪಾಠ ಓದಿದವರಿಗೆ ಇವೆರಡೂ ಹಳೆಯ ನೆಂಟರು: ಮೊದಲನೆಯದು ಎಫ್‌ಎಂ, ಎರಡನೆಯದು ಎಎಂ. ವಾಹಕ ತರಂಗದ ಜಾಗದಲ್ಲಿ ಸ್ವರ, ಮಾತಿನ ಜಾಗದಲ್ಲಿ ಎಲ್‌ಎಫ್‌ಒ, ಇಷ್ಟೇ ಬದಲಾವಣೆ. ಹೆಸರುಗಳ ವಿಷಯದಲ್ಲಿ ಮಾತ್ರ ಗಿಟಾರಿನ ಲೋಕ ಎಲ್ಲರನ್ನೂ ದಾರಿ ತಪ್ಪಿಸಿದೆ. ಫೆಂಡರ್ ಸಂಸ್ಥೆ 1954ರ ಸ್ಟ್ರಾಟೊಕಾಸ್ಟರ್ ಗಿಟಾರಿನಲ್ಲಿ ಸ್ವರದ ಎತ್ತರವನ್ನು ಬಗ್ಗಿಸುವ ಸಲಾಕೆಗೆ ‘ಟ್ರೆಮೊಲೊ’ ಎಂದಿತು. ಗಟ್ಟಿತನವನ್ನು ಏರಿಳಿಸುವ ತನ್ನ ಆಂಪ್ಲಿಫೈಯರುಗಳ ಗುಂಡಿಗೆ ‘ವೈಬ್ರಾಟೊ’ ಎಂದಿತು. ಎರಡೂ ತಿರುಗುಮುರುಗು. ಕೈಪಿಡಿಯಲ್ಲಿ ಏನೇ ಬರೆದಿರಲಿ, ತಂತಿ ಎಲ್ಲಿಗೆ ಹೋಗಿದೆ ಎಂದು ನೋಡಿ.

ಫಿಲ್ಟರಿಗೆ ಕಳಿಸಿದಾಗ ಆಗುವುದು ಹೆಚ್ಚು ಸ್ವಾರಸ್ಯಕರ. ಗರಗಸದ ಹಲ್ಲಿನಂಥ ಅಲೆಯಲ್ಲಿ ಮೂಲ ಆವೃತ್ತಿಯ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವೃತ್ತಿಯ ಮೇಲುಸ್ವರಗಳ ಸಾಲೇ ಇರುತ್ತದೆ. ಫಿಲ್ಟರ್ ಒಂದು ಮಿತಿಯನ್ನು ಹಾಕಿ ಅದಕ್ಕಿಂತ ಮೇಲಿನವನ್ನು ತಗ್ಗಿಸುತ್ತದೆ. ಮೂಗ್ ಅವರ ಪ್ರಸಿದ್ಧ ಏಣಿ ಫಿಲ್ಟರಿನಲ್ಲಿ ಈ ತಗ್ಗುವಿಕೆ ಸ್ಥಾಯಿಗೆ 24 ಡೆಸಿಬೆಲ್. ಎಲ್‌ಎಫ್‌ಒ ಈ ಮಿತಿಯನ್ನು ಮೇಲೆ ಕೆಳಗೆ ಸರಿಸಿದಾಗ ಮೇಲುಸ್ವರಗಳು ಒಂದೊಂದಾಗಿ ಬೆಳಗಿ ಒಂದೊಂದಾಗಿ ಆರುತ್ತವೆ. ಮಿತಿಯ ಅಂಚನ್ನು ಎತ್ತಿಹಿಡಿಯುವ ‘ರೆಸೊನೆನ್ಸ್’ ಗುಂಡಿಯನ್ನು ಸ್ವಲ್ಪ ಹೆಚ್ಚಿಸಿದರೆ ಅವು ಬಿಡಿಬಿಡಿಯಾಗಿ ಕೇಳುತ್ತವೆ. ತಂಬೂರಿಯ ಜೀವಾಳವನ್ನು ಸರಿಪಡಿಸಿ ಮೀಟಿದಾಗ ಒಂದೇ ತಂತಿಯಿಂದ ಮೇಲುಸ್ವರಗಳು ಮೆರವಣಿಗೆ ಹೊರಟಂತೆ ಕೇಳುವುದಿಲ್ಲವೇ? ಸಿ.ವಿ. ರಾಮನ್ ಅವರು 1921ರಲ್ಲಿ ಬರೆದು ವಿವರಿಸಿದ್ದು ಆ ಸೇತುವೆಯ ಚಮತ್ಕಾರವನ್ನೇ. ಕಾರಣ ಬೇರೆ, ಅಲ್ಲಿ ತಂತಿ ಸೇತುವೆಯ ಮೇಲ್ಮೈಯನ್ನು ಸವರುತ್ತದೆ; ಆದರೆ ಕಿವಿಗೆ ಬರುವ ಸುಖದ ಮೂಲ ಒಂದೇ: ಸ್ವರ ನಿಂತಲ್ಲೇ ನಿಂತು ಅದರ ಬಣ್ಣ ಚಲಿಸುತ್ತಿದೆ. ನನ್ನನ್ನು ಕೇಳಿದರೆ, ಭಾರತೀಯ ಕಿವಿಗೆ ಎಲ್‌ಎಫ್‌ಒ ಹೆಚ್ಚು ಒಗ್ಗುವುದು ಇಲ್ಲಿ. ಸೆಕೆಂಡಿಗೆ ಹತ್ತನೆಯ ಒಂದು ಸಲ, ಅಂದರೆ ಹತ್ತು ಸೆಕೆಂಡಿಗೆ ಒಂದು ಸುತ್ತು, ಅಷ್ಟು ನಿಧಾನವಾಗಿ ಫಿಲ್ಟರನ್ನು ಸರಿಸಿ ನೋಡಿ.

ನಾಲ್ಕನೆಯದು ಆಯತಾಕಾರದ ಅಲೆಯ ಅಗಲ. ಮೇಲಿನ ಸ್ಥಿತಿಯಲ್ಲಿ ಎಷ್ಟು ಹೊತ್ತು, ಕೆಳಗಿನ ಸ್ಥಿತಿಯಲ್ಲಿ ಎಷ್ಟು ಹೊತ್ತು ಎಂಬುದನ್ನು ಎಲ್‌ಎಫ್‌ಒ ಬದಲಿಸುತ್ತಿದ್ದರೆ ಒಂದೇ ಆಂದೋಲಕ ಎರಡು ವಾದ್ಯಗಳಂತೆ ದಪ್ಪವಾಗಿ ಮೊಳಗುತ್ತದೆ. 1982ರ ರೋಲಂಡ್ ಜೂನೊ-60ರಲ್ಲಿ ಪ್ರತಿ ದನಿಗೂ ಒಂದೊಂದೇ ಆಂದೋಲಕವಿದ್ದರೂ ತಂತಿವಾದ್ಯಗಳ ವೃಂದದಂತೆ ಕೇಳುತ್ತಿದ್ದುದಕ್ಕೆ ಇದೊಂದು ಕಾರಣ. ಇದರ ವಿವರಣೆ ಬಲು ಸೊಗಸಾಗಿದೆ. ಆಯತಾಕಾರದ ಅಲೆಯನ್ನು ಒಂದೇ ಆವೃತ್ತಿಯ ಎರಡು ಗರಗಸದ ಅಲೆಗಳ ವ್ಯತ್ಯಾಸವೆಂದು ಬರೆಯಬಹುದು. ಎರಡನೆಯದು ಮೊದಲನೆಯದಕ್ಕಿಂತ ಎಷ್ಟು ಹಿಂದಿದೆಯೋ ಅದೇ ಅಗಲ. ಅಗಲ ಬದಲಾಗುತ್ತಿದೆ ಎಂದರೆ ಎರಡನೆಯ ಅಲೆ ಮೊದಲನೆಯದರಿಂದ ಹಿಂದೆ ಹಿಂದೆ ಸರಿಯುತ್ತಿದೆ, ಅರ್ಥಾತ್ ಅದರ ಆವೃತ್ತಿ ಒಂದಿಷ್ಟು ಕಡಿಮೆ. ತ್ರಿಕೋನ ಎಲ್‌ಎಫ್‌ಒ 0.5 ಹರ್ಟ್ಸಿನಲ್ಲಿ ಅಗಲವನ್ನು ಶೇಕಡ 10ರಿಂದ 90ಕ್ಕೆ ಒಯ್ಯುತ್ತಿದೆ ಎನ್ನಿ. ಏರಿಕೆಗೆ ಒಂದು ಸೆಕೆಂಡು. ಆ ಅವಧಿಯಲ್ಲಿ 0.8 ಸುತ್ತಿನಷ್ಟು ಸರಿತ. ಹಾಗಾಗಿ 440ರ ಜೊತೆಗೆ 439.2 ಹರ್ಟ್ಸಿನ ಇನ್ನೊಂದು ಆಂದೋಲಕ ಇದ್ದಂತಾಯಿತು, ಇಳಿಕೆಯಲ್ಲಿ 440.8. ಪಕ್ಕದ ಪಿಟೀಲುವಾದಕ ಕೂದಲೆಳೆಯಷ್ಟು ಶ್ರುತಿ ತಪ್ಪಿಸಿದ್ದಾನೆ, ಆ ತಪ್ಪೇ ವೃಂದದ ದಪ್ಪ.

ಅಲೆಯ ಆಕಾರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೈನ್ ಅಥವಾ ತ್ರಿಕೋನ ತೂಗುತ್ತದೆ. ಚೌಕ ಎರಡು ಸ್ಥಿತಿಗಳ ನಡುವೆ ಜಿಗಿಯುತ್ತದೆ, ಆದ್ದರಿಂದ ಸ್ವರಕ್ಕೆ ಕೊಟ್ಟರೆ ಎರಡು ಸ್ವರಗಳು ಪಾಳಿಯಂತೆ ಕೇಳುತ್ತವೆ. ಗರಗಸ ನಿಧಾನವಾಗಿ ಏರಿ ಥಟ್ಟನೆ ಬೀಳುತ್ತದೆ. ರೋಲಂಡ್ ಎಸ್‌ಎಚ್-101ರಂಥ ವಾದ್ಯಗಳಲ್ಲಿ ‘ರ‍್ಯಾಂಡಮ್’ ಎಂಬುದೂ ಇದೆ; ಅದು ಪ್ರತಿ ಸುತ್ತಿಗೂ ಮನಬಂದ ಒಂದು ವೋಲ್ಟೇಜನ್ನು ಹಿಡಿದು ನಿಲ್ಲುತ್ತದೆ. ಹಳೆಯ ಚಿತ್ರಗಳಲ್ಲಿ ಕಂಪ್ಯೂಟರ್ ‘ಯೋಚಿಸುವಾಗ’ ಬರುತ್ತಿದ್ದ ಕಿಚಿಪಿಚಿ ಸದ್ದು ಇಂಥದು.

ತಾಳಕ್ಕೆ ಹೊಂದಿಸುವುದು ಹೀಗೆ: ನಿಮಿಷಕ್ಕೆ 120 ಏಟುಗಳ ನಡೆಯೆಂದರೆ ಸೆಕೆಂಡಿಗೆ ಎರಡು. ಏಟಿಗೊಂದು ಸುತ್ತು ಬೇಕಾದರೆ ಎಲ್‌ಎಫ್‌ಒ 2 ಹರ್ಟ್ಸ್, ಏಟಿಗೆ ಎರಡು ಬೇಕಾದರೆ 4, ತಿಶ್ರ ನಡೆಗೆ 6. ಲಂಡನ್ನಿನಲ್ಲಿ 2000ದ ದಶಕದಲ್ಲಿ ಬೆಳೆದ ಡಬ್‌ಸ್ಟೆಪ್ ಸಂಗೀತದ ಮಂದ್ರದ ಗುಳುಗುಳು ಸದ್ದು ಪೂರ್ತಿಯಾಗಿ ಈ ಲೆಕ್ಕದ ಮೇಲೆ ನಿಂತಿದೆ, ಫಿಲ್ಟರಿಗೆ ಕೊಟ್ಟ ಎಲ್‌ಎಫ್‌ಒ ವೇಗವನ್ನು ಏಟಿನಿಂದ ಏಟಿಗೆ ಬದಲಿಸುವುದರ ಮೇಲೆ.

ಗಮಕ ಇದರಿಂದ ಬರುವುದೇ?

ಕನ್ನಡ ಓದುಗರಿಗೆ ಇಷ್ಟರಲ್ಲಿ ಒಂದು ಪ್ರಶ್ನೆ ಎದ್ದಿರಬೇಕು. ಸ್ವರವನ್ನು ತೂಗಿಸುವುದು ನಮಗೆ ಹೊಸದೇ? ದಶವಿಧ ಗಮಕಗಳಲ್ಲಿ ಕಂಪಿತವೆಂಬುದೇ ಇದೆಯಲ್ಲ, ಎಲ್‌ಎಫ್‌ಒದಿಂದ ಅದನ್ನು ಪಡೆಯಬಹುದೇ? ನನ್ನ ಉತ್ತರ: ಇಲ್ಲ. ಕಾರಣ ಭಾವುಕತೆಯಲ್ಲ, ಭೌತಶಾಸ್ತ್ರವೇ. ಎಲ್‌ಎಫ್‌ಒ ಆವರ್ತಕ ಚಲನೆ. ಅದರ ಮುಂದಿನ ಸುತ್ತು ಹಿಂದಿನ ಸುತ್ತಿನ ನಕಲು. ನಡುಸ್ವರದ ಆಚೀಚೆ ಸಮಪ್ರಮಾಣದಲ್ಲಿ ತೂಗುವುದು ಅದರ ಸ್ವಭಾವ. ತೋಡಿಯ ಗಾಂಧಾರ ಹಾಗಲ್ಲ. ಅದು ಅಕ್ಕಪಕ್ಕದ ರಿಷಭ ಮಧ್ಯಮಗಳ ಕಡೆಗೆ ವಾಲುತ್ತಾ ಓಲಾಡುತ್ತದೆ; ಎಷ್ಟು ವಾಲಬೇಕು, ಎಷ್ಟು ಸಲ, ಎಲ್ಲಿ ನಿಂತು ಮುಂದಿನ ಸ್ವರಕ್ಕೆ ಜಾರಬೇಕು ಎಂಬುದು ಸಂಚಾರವನ್ನೂ ಕಾಲಪ್ರಮಾಣವನ್ನೂ ಅವಲಂಬಿಸಿದೆ. ವೈಬ್ರಾಟೊ ಸ್ವರಕ್ಕೆ ತೊಡಿಸಿದ ಒಡವೆ. ಗಮಕ ಸ್ವರದ ಮೈಯೇ. ಕೀಬೋರ್ಡಿನಲ್ಲಿ ಕರ್ನಾಟಕ ಸಂಗೀತ ನುಡಿಸುವವರ ಎಡಗೈ ಮಾಡ್ಯುಲೇಷನ್ ಚಕ್ರವನ್ನು ಬಿಟ್ಟು ಪಕ್ಕದ ಪಿಚ್ ಚಕ್ರವನ್ನು ಹಿಡಿಯುವುದು ಇದಕ್ಕೇ. ಅಲ್ಲಿ ಆಂದೋಲಕ ಬೇಡ, ಬೆರಳು ಬೇಕು.

ಪಾಶ್ಚಾತ್ಯ ಗಾಯಕರೂ ಪ್ರತಿ ಸ್ವರವನ್ನು ಮೊದಲ ಕ್ಷಣದಿಂದಲೇ ತೂಗಿಸುವುದಿಲ್ಲ. ನೇರವಾಗಿ ಹಿಡಿದು, ನೆಲೆ ಸಿಕ್ಕ ಮೇಲೆ ತೂಗಾಟ ಬರುತ್ತದೆ. ಇದನ್ನು ಅರಿತ ತಯಾರಕರು ಎಲ್‌ಎಫ್‌ಒಗೆ ‘ಡಿಲೇ’ ಎಂಬ ಗುಂಡಿ ಸೇರಿಸಿದರು. ಮನೆ ಒತ್ತಿ ಅರ್ಧ ಸೆಕೆಂಡು ಕಳೆದ ಮೇಲೆ ತೂಗಾಟ ಮೆಲ್ಲನೆ ತುಂಬುತ್ತದೆ. ಕೊಳಲು, ಪಿಟೀಲಿನಂಥ ದನಿಗಳಿಗೆ ಈ ಒಂದು ಗುಂಡಿ ಮಾಡುವ ಉಪಕಾರ ಬೇರೆ ಹತ್ತು ಗುಂಡಿಗಳು ಮಾಡಲಾರವು.

ಇಪ್ಪತ್ತು ಹರ್ಟ್ಸಿನ ಹೊಸ್ತಿಲು

ಈಗ ಎಲ್‌ಇಡಿಯ ಪ್ರಶ್ನೆಗೆ ಬರೋಣ. ಎಲ್‌ಎಫ್‌ಒ ವೇಗವನ್ನು ಹೆಚ್ಚಿಸುತ್ತಲೇ ಹೋದರೆ ಏನಾಗುತ್ತದೆ? ಬುಲೆಟ್ ಮೋಟಾರ್ ಸೈಕಲನ್ನು ನೆನೆಸಿಕೊಳ್ಳಿ. ಅದು ನಾಲ್ಕು ಹೊಡೆತಗಳ ಒಂಟಿ ಸಿಲಿಂಡರಿನ ಎಂಜಿನ್. ಎರಡು ಸುತ್ತಿಗೆ ಒಂದು ಸ್ಫೋಟ. ನಿಂತಲ್ಲೇ ನಿಮಿಷಕ್ಕೆ 900 ಸುತ್ತಿನಲ್ಲಿ ಓಡುತ್ತಿದ್ದರೆ ಸೆಕೆಂಡಿಗೆ ಏಳೂವರೆ ಸ್ಫೋಟ. ಡುಗ್, ಡುಗ್ ಎಂದು ಎಣಿಸುವಷ್ಟು ಬಿಡಿಬಿಡಿ. ಕಿವಿ ಹಿಂಡಿ 4000ಕ್ಕೆ ಏರಿಸಿದರೆ ಸೆಕೆಂಡಿಗೆ 33. ಈಗ ಏಟುಗಳಿಲ್ಲ, ಒಂದು ಒರಟು ಮಂದ್ರಸ್ವರವಿದೆ. ಎಂಜಿನ್ನು ಮಾಡುತ್ತಿರುವುದು ಅದೇ ಕೆಲಸ. ಎಣಿಸುವುದನ್ನು ಬಿಟ್ಟು ಸ್ವರವೆಂದು ಒಪ್ಪಿಕೊಂಡದ್ದು ನಮ್ಮ ಕಿವಿ.

ಟ್ರೆಮೊಲೊವನ್ನೇ ತೆಗೆದುಕೊಳ್ಳಿ. 440 ಹರ್ಟ್ಸಿನ ಸೈನ್ ಅಲೆಯ ಪಾರವನ್ನು 6 ಹರ್ಟ್ಸಿನ ಸೈನ್ ಅಲೆ ಏರಿಳಿಸುತ್ತಿದೆ. ತ್ರಿಕೋನಮಿತಿಯ ಗುಣಾಕಾರ ಸೂತ್ರ ಹೇಳುವಂತೆ ಹೊರಬರುವುದು ಮೂರು ಸ್ಥಿರ ಸ್ವರಗಳ ಮೊತ್ತ: 434, 440, 446. ‘ಏರಿಳಿಯುವ ಒಂದು ಸ್ವರ’ ಮತ್ತು ‘ಸ್ಥಿರವಾದ ಮೂರು ಸ್ವರಗಳು’ ಇವೆರಡೂ ಒಂದೇ ಅಲೆಯ ಎರಡು ಬರವಣಿಗೆಗಳು. ಎಲ್‌ಎಫ್‌ಒ ವೇಗ 150 ಹರ್ಟ್ಸ್ ಆದರೆ ಆ ಮೂರು 290, 440, 590 ಆಗುತ್ತವೆ. ಸೂತ್ರ ಒಂದಿಷ್ಟೂ ಬದಲಾಗಿಲ್ಲ. ಆದರೆ ಮೊದಲನೆಯದನ್ನು ನಾವು ಏರಿಳಿತವೆಂದು ಕೇಳುತ್ತೇವೆ, ಎರಡನೆಯದನ್ನು ಗಂಟೆಯಂಥ ಹೊಸ ದನಿಯೆಂದು. ಆಯ್ಕೆ ಮಾಡುವವರು ಯಾರು?

ಒಳಗಿವಿಯ ಶಂಖದಲ್ಲಿರುವ ಪೊರೆ ಒಂದು ಬಗೆಯ ಫಿಲ್ಟರುಗಳ ಸಾಲು. 440 ಹರ್ಟ್ಸಿನ ಆಸುಪಾಸಿನಲ್ಲಿ ಅಂಥ ಒಂದೊಂದು ಫಿಲ್ಟರಿನ ಅಗಲ ಸುಮಾರು 100 ಹರ್ಟ್ಸ್. 434, 440, 446 ಮೂರೂ ಒಂದೇ ಕಿಟಕಿಯಿಂದ ಒಳಬರುವುದರಿಂದ ಬೆರೆತುಹೋಗಿ, ತಂಬೂರಿಗೆ ಶ್ರುತಿ ಸೇರಿಸುವಾಗ ಎರಡು ತಂತಿಗಳ ನಡುವೆ ಕೇಳುವ ವಿಸ್ಪಂದದಂತೆ ಏರಿಳಿತವಾಗಿ ಉಳಿಯುತ್ತವೆ. 290, 440, 590 ಬೇರೆ ಬೇರೆ ಕಿಟಕಿಗಳಿಂದ ಬರುತ್ತವೆ. ನರಗಳಿಗೆ ಅವು ಮೂರು ವಿಷಯ. ನಡುವೆ ಇರುವುದು ಒಂದು ಒರಟು ಪ್ರದೇಶ. ಮ್ಯೂನಿಕ್ಕಿನ ಎಬರ್ಹಾರ್ಟ್ ಜ್ವಿಕರ್ ಮತ್ತು ಅವರ ಸಂಗಡಿಗರ ಅಳತೆಗಳ ಪ್ರಕಾರ ಏರಿಳಿತದ ಅನುಭವ ಸೆಕೆಂಡಿಗೆ ಸುಮಾರು ನಾಲ್ಕರಲ್ಲಿ ಅತಿ ತೀವ್ರ. ಇಪ್ಪತ್ತರ ಹೊತ್ತಿಗೆ ಅದು ಕಳೆದು ದನಿ ಗರಗರ ಒರಟಾಗುತ್ತದೆ. ಎಪ್ಪತ್ತರ ಸುತ್ತ ಒರಟುತನದ ಶಿಖರ. ಆಮೇಲೆ ಅದೂ ಇಳಿಯುತ್ತದೆ. ನಾಲ್ಕು ಎಂಬುದು ಮಾತಿನಲ್ಲಿ ಅಕ್ಷರಗಳು ಉರುಳುವ ವೇಗಕ್ಕೆ ಹತ್ತಿರ. ಕಿವಿ ಆ ಏರಿಳಿತಕ್ಕೆ ಅಷ್ಟು ಚುರುಕಾಗಿರುವುದು ಆಶ್ಚರ್ಯವಲ್ಲ.

ಈ ಹೊಸ್ತಿಲನ್ನು ದಾಟಿದ್ದರಿಂದ ಒಂದು ಉದ್ಯಮವೇ ಹುಟ್ಟಿತು. 1967ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಗೀತ ರಚನಕಾರ ಜಾನ್ ಚೌನಿಂಗ್ ಕಂಪ್ಯೂಟರಿನಲ್ಲಿ ವೈಬ್ರಾಟೊ ಪ್ರಯೋಗ ಮಾಡುತ್ತಿದ್ದರು. ತೂಗಾಟದ ವೇಗವನ್ನೂ ಹರವನ್ನೂ ಸಾಮಾನ್ಯ ಮಿತಿಗಿಂತ ಬಹಳ ಮೇಲಕ್ಕೆ ಒಯ್ದಾಗ ತೂಗಾಟ ಮಾಯವಾಗಿ ಶ್ರೀಮಂತವಾದ ಹೊಸ ನಾದವೊಂದು ಕೇಳಿತು. ಎರಡೇ ಸೈನ್ ಅಲೆಗಳಿಂದ ಡಜನ್‌ಗಟ್ಟಲೆ ಮೇಲುಸ್ವರಗಳು! 1973ರಲ್ಲಿ ಅವರ ಪ್ರಬಂಧ ಬಂತು, 1977ರಲ್ಲಿ ಪೇಟೆಂಟ್ ಸಿಕ್ಕಿತು, ಜಪಾನಿನ ಯಮಾಹಾ ಸಂಸ್ಥೆ ಅದರ ಮೇಲೆ 1983ರಲ್ಲಿ ಡಿಎಕ್ಸ್7 ಎಂಬ ವಾದ್ಯವನ್ನು ಹೊರತಂದಿತು. ಎಂಬತ್ತರ ದಶಕದ ಹಾಡುಗಳಲ್ಲಿ ಗಾಜಿನಂತೆ ಮಿನುಗುವ ಎಲೆಕ್ಟ್ರಿಕ್ ಪಿಯಾನೊ ದನಿ ಕೇಳಿದ್ದರೆ ನೀವು ಚೌನಿಂಗ್ ಅವರ ವೇಗದ ವೈಬ್ರಾಟೊವನ್ನು ಕೇಳಿದ್ದೀರಿ. ಅದೇ ಡಿಎಕ್ಸ್7ರಲ್ಲಿ ನಿಧಾನ ವೈಬ್ರಾಟೊಗಾಗಿ ಬೇರೆಯೇ ಒಂದು ಎಲ್‌ಎಫ್‌ಒ, ಡಿಲೇ ಸಮೇತ, ಇತ್ತು.

ಮೂಗ್ ಅವರ ವಾದ್ಯಗಳಲ್ಲಿಯೂ ಆಂದೋಲಕದಿಂದ ಆಂದೋಲಕವನ್ನು ಅಲ್ಲಾಡಿಸಬಹುದಿತ್ತಲ್ಲ, ಅಲ್ಲಿ ಏಕೆ ಇದು ಫಲಿಸಲಿಲ್ಲ? ಉತ್ತರ ಒಂದು ವೋಲ್ಟಿಗೆ ಒಂದು ಸ್ಥಾಯಿ ಎಂಬ ಅಳತೆಯಲ್ಲೇ ಇದೆ. 440 ಹರ್ಟ್ಸನ್ನು ತ್ರಿಕೋನ ಅಲೆಯಿಂದ ಆಚೀಚೆ ಒಂದು ವೋಲ್ಟ್ ತೂಗಿಸಿ. ಮೇಲಿನ ತುದಿ 880, ಕೆಳಗಿನ ತುದಿ 220. ಸಂಗೀತದ ಲೆಕ್ಕದಲ್ಲಿ ಎರಡೂ ಕಡೆ ಒಂದೊಂದೇ ಸ್ಥಾಯಿ, ಸಮ. ಹರ್ಟ್ಸಿನ ಲೆಕ್ಕದಲ್ಲಿ ಮೇಲಕ್ಕೆ 440, ಕೆಳಕ್ಕೆ 220 ಮಾತ್ರ. ಒಂದು ಸುತ್ತಿನ ಸರಾಸರಿ ತೆಗೆದರೆ 476 ಹರ್ಟ್ಸ್ ಬರುತ್ತದೆ. ನಿಧಾನವಾಗಿ ತೂಗುವಾಗ ಕಿವಿ ಹಿಂಬಾಲಿಸುತ್ತದೆ, ಸರಾಸರಿಯ ಗೊಡವೆಗೆ ಹೋಗುವುದಿಲ್ಲ. ವೇಗ ಹೊಸ್ತಿಲು ದಾಟಿದ ಮೇಲೆ ಸ್ವರರಾಶಿಯ ನಡುವಿನ ಸ್ವರ ನಿಲ್ಲುವುದು ಈ ಸರಾಸರಿಯಲ್ಲಿ. ಆಚೀಚೆ ಎರಡು ವೋಲ್ಟ್ ಕೊಟ್ಟರೆ ಸರಾಸರಿ 595ಕ್ಕೆ ಏರುತ್ತದೆ: ಷಡ್ಜ ಹಿಡಿದವನಿಗೆ ಹೆಚ್ಚುಕಡಿಮೆ ಮಧ್ಯಮ ಕೇಳಿದಂತೆ. ಮಾಡ್ಯುಲೇಷನ್ ಚಕ್ರ ತಿರುಗಿಸಿದಷ್ಟೂ ಶ್ರುತಿ ಓಡಿಹೋಗುವ ವಾದ್ಯದಲ್ಲಿ ರಾಗ ನುಡಿಸುವುದು ಹೇಗೆ? ಚೌನಿಂಗ್ ತಮ್ಮ ಕಂಪ್ಯೂಟರಿನಲ್ಲಿ ತೂಗಾಟವನ್ನು ಸ್ಥಾಯಿಗಳಲ್ಲಿ ಅಲ್ಲ, ಹರ್ಟ್ಸಿನಲ್ಲೇ ಸಮವಾಗಿ ಕೊಟ್ಟಿದ್ದರು. ಹಾಗಾಗಿ ಹರವು ಎಷ್ಟಾದರೂ ಸರಾಸರಿ ಕದಲುತ್ತಿರಲಿಲ್ಲ.

ಮಿನಿಮೂಗ್ ಅಥವಾ ಇಂದು ಸಿಗುವ ಅದರ ಅಗ್ಗದ ಪ್ರತಿರೂಪವೊಂದು ಕೈಗೆ ಸಿಕ್ಕಿದರೆ ಇದನ್ನೆಲ್ಲ ಐದು ನಿಮಿಷದಲ್ಲಿ ಕೇಳಬಹುದು. ಮೂರನೆಯ ಆಂದೋಲಕವನ್ನು ಮನೆಗಳ ಹತೋಟಿಯಿಂದ ಬಿಡಿಸಿ, ‘ಲೋ’ ಗುರುತಿಗೆ ತಂದು, ತ್ರಿಕೋನ ಅಲೆ ಆರಿಸಿ. ಮೊದಲನೆಯದರಿಂದ ಒಂದು ಸ್ವರ ಹಿಡಿದು ಚಕ್ರವನ್ನು ತುಸುವೇ ಮೇಲಕ್ಕೆ ತಳ್ಳಿ, ವೈಬ್ರಾಟೊ ಕೇಳುತ್ತದೆ. ಮೂರನೆಯದರ ಆವೃತ್ತಿಯ ಗುಂಡಿಯನ್ನು ನಿಧಾನವಾಗಿ ಏರಿಸುತ್ತಾ ಹೋಗಿ. ತೂಗಾಟ ನಡುಕವಾಗುತ್ತದೆ, ನಡುಕ ಗರಗರವಾಗುತ್ತದೆ. ಗುಂಡಿ ಮುಗಿದಾಗ ಸ್ವಿಚ್ಚನ್ನು ‘ಲೋ’ದಿಂದ ‘32’ಕ್ಕೆ ಸರಿಸಿ, ಗುಂಡಿಯನ್ನು ಮತ್ತೆ ಕೆಳಗಿನಿಂದ ಏರಿಸಿ. ಗರಗರ ಕರಗಿ ಲೋಹದ ತಟ್ಟೆ ಬಡಿದಂಥ ದನಿ ಹೊರಡುವ ಜಾಗದಲ್ಲಿ ಕೈ ನಿಲ್ಲಿಸಿ, ಈಗ ಚಕ್ರವನ್ನು ಪೂರ್ತಿ ತಳ್ಳಿ. ನೀವು ಒತ್ತಿ ಹಿಡಿದ ಮನೆ ಅದೇ. ಸ್ವರ ಮಾತ್ರ ಆಚೆಗೆ ಹೋಗಿರುತ್ತದೆ.